ನೆಲಕ್ಕೆ ಒಗ್ಗಿದ ಕೃತಕ ಪಾದ

ಕಾಲನ್ನು ಕಳೆದುಕೊಂಡವರಿಗೆ ಕೃತಕ ಕಾಲೊಂದನ್ನು ಜೋಡಿಸಿಬಿಟ್ಟರೆ ವಿಜ್ಞಾನದ ಹೊಣೆ ತೀರಿತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಆ ಕಾಲು ಅವರನ್ನು ಎಲ್ಲಿಯವರೆಗೆ ಕೊಂಡೊಯ್ಯಬಲ್ಲುದು? ಕೆಸರುಗದ್ದೆಗೆ ಇಳಿಸೀತೆ? ಊಟದ ಪಂಕ್ತಿಯಲ್ಲಿ ಎಲ್ಲರೊಡನೆ ಕುಳ್ಳಿರಿಸೀತೆ? ಇಂತಹ ಪ್ರಶ್ನೆಗಳಿಗೆ ಉತ್ತರವಾಗಿ ನಮ್ಮ ದೇಶದಲ್ಲಿ ಹುಟ್ಟಿದ ಸಾಧನವೇ ‘ಜೈಪುರ ಪಾದ’. ಅದರ ರಚನೆಯನ್ನೂ ಅದರ ಹಿಂದಿರುವ ತತ್ತ್ವವನ್ನೂ ಇಲ್ಲಿ ಪರಿಶೀಲಿಸೋಣ.

ಪಾದದ ಚಲನೆಗಳು

ಮಾನವನ ಒಂದು ಪಾದದಲ್ಲಿ 26 ಮೂಳೆಗಳಿವೆ. ಇವುಗಳ ನಡುವಣ ಕೀಲುಗಳ ದೆಸೆಯಿಂದ ಪಾದವು ಮೇಲಕ್ಕೂ ಕೆಳಕ್ಕೂ ಬಾಗುತ್ತದೆ. ಒಳಕ್ಕೂ ಹೊರಕ್ಕೂ ಓರೆಯಾಗುತ್ತದೆ. ತುಸುಮಟ್ಟಿಗೆ ತಿರುಗಲೂ ಬಲ್ಲುದು. ಇವುಗಳ ಮಹತ್ತ್ವವನ್ನು ಅರಿಯಲು ಒಂದು ಸಣ್ಣ ಪ್ರಯೋಗ ಸಾಕು. ಅಂಗಾಲುಗಳನ್ನು ಪೂರ್ತಿಯಾಗಿ ನೆಲಕ್ಕೆ ಊರಿ, ಕಣಕಾಲುಗಳನ್ನು ಕಂಬದಂತೆ ನೆಟ್ಟಗೆ ಇರಿಸಿಕೊಂಡು, ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳಲು ಯತ್ನಿಸಿರಿ. ನೀವು ಹಿಂದಕ್ಕೆ ಉರುಳುವಿರಿ. ದೇಹದ ಗುರುತ್ವಕೇಂದ್ರವು ಪಾದಗಳ ಆಸರೆಯನ್ನು ದಾಟಿ ಹಿಂದೆ ಸರಿಯುವುದೇ ಇದಕ್ಕೆ ಕಾರಣ. ಕಣಕಾಲು ಪಾದದ ಮೇಲೆ ಮುಂದಕ್ಕೆ ಬಾಗಿದರೆ ಮಾತ್ರ ಆ ಕೇಂದ್ರವು ಆಸರೆಯೊಳಗೆ ಉಳಿಯುತ್ತದೆ.

ಬೂಟಿಗಾಗಿ ರೂಪಿಸಿದ ಪಾದ

1950ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ‘ಸ್ಯಾಚ್’ ಎಂಬ ಕೃತಕ ಪಾದವು ರೂಪುಗೊಂಡಿತು. ಇದರಲ್ಲಿ ಚಲಿಸುವ ಕೀಲು ಇಲ್ಲ. ಒಳಗೆ ಗಡುಸಾದ ಮರದ ತಿರುಳು. ಹಿಮ್ಮಡಿಯಲ್ಲಿ ಮೆತ್ತನೆಯ ರಬ್ಬರು. ಹೆಜ್ಜೆಯಿಡುವಾಗ ಹಿಮ್ಮಡಿ ಅದುಮಿ, ಪೆಟ್ಟನ್ನು ಹೀರಿಕೊಳ್ಳುತ್ತದೆ. ಬೂಟು ತೊಟ್ಟು ಸಮನಾದ ನೆಲದ ಮೇಲೆ ನಡೆಯುವವರಿಗೆ, ಕುರ್ಚಿಯ ಮೇಲೆ ಕೂರುವವರಿಗೆ ಅದು ಸರಳವೂ ಉಪಯುಕ್ತವೂ ಆದ ಸಾಧನ.

ನಮ್ಮ ಹಳ್ಳಿಯ ರೈತನ ಬಾಳು ಬೇರೆ ಬಗೆಯದು. ಆತನು ಬರಿಗಾಲಿನಲ್ಲಿ ಉಳುತ್ತಾನೆ, ಹಳ್ಳ ದಾಟುತ್ತಾನೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುತ್ತಾನೆ, ಶೌಚಕ್ಕೆ ಕುಕ್ಕರುಗಾಲಿನಲ್ಲಿ ಕೂರುತ್ತಾನೆ. ಬಾಗದ ಪಾದದಿಂದ ಇವು ಸಾಧ್ಯವಿಲ್ಲ. ಬೂಟನ್ನು ತೊಟ್ಟು ಕೆಸರಿಗೆ ಇಳಿಯುವಂತೆಯೂ ಇಲ್ಲ. ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ಮೂಳೆವೈದ್ಯ ಡಾ. ಪಿ. ಕೆ. ಸೇಠಿಯವರು, ಕೃತಕ ಕಾಲನ್ನು ಪಡೆದ ರೋಗಿಗಳು ಅದನ್ನು ಮೂಲೆಗಿಟ್ಟು ಮತ್ತೆ ಊರುಗೋಲನ್ನೇ ಹಿಡಿಯುವುದನ್ನು ಕಂಡರು. ತಪ್ಪು ರೋಗಿಗಳದಲ್ಲ, ಸಾಧನದ್ದು ಎಂಬುದು ಅವರಿಗೆ ಮನವರಿಕೆಯಾಯಿತು.

ಜೈಪುರದ ಉತ್ತರ

1960ರ ದಶಕದ ಕೊನೆಯಲ್ಲಿ ಇದಕ್ಕೆ ಪರಿಹಾರ ದೊರೆಯಿತು. ಅದನ್ನು ರೂಪಿಸುವುದರಲ್ಲಿ ಸೇಠಿಯವರ ಜೊತೆಗಾರರಾದವರು ರಾಮಚಂದ್ರ ಶರ್ಮಾ. ಶಾಲಾ ವಿದ್ಯಾಭ್ಯಾಸ ಅಲ್ಪವಾದರೂ ಕೈಕಸುಬಿನಲ್ಲಿ ನಿಷ್ಣಾತರು. ಟೈರುಗಳಿಗೆ ಹೊಸ ರಬ್ಬರು ಹಾಕುವ ಸ್ಥಳೀಯ ಕಸುಬು ಅವರ ನೆರವಿಗೆ ಬಂದಿತು.

ಜೈಪುರ ಪಾದದ ಒಳಗೆ ಮೂರು ತುಂಡುಗಳಿವೆ. ಮುಂಭಾಗ ಮತ್ತು ಹಿಮ್ಮಡಿಯವು ಸ್ಪಂಜಿನಂತಹ ರಬ್ಬರಿನವು. ಮೇಲೆ ಕಣಕಾಲಿಗೆ ಕೂಡುವ ತುಂಡು ಹಗುರವಾದ ಮರದ್ದು. ಇವುಗಳಿಗೆ ನೂಲೆಳೆಗಳಿರುವ ಟೈರಿನ ರಬ್ಬರನ್ನು ಸುತ್ತಿ, ಹೊರಗೆ ಚರ್ಮದ ಬಣ್ಣದ ರಬ್ಬರನ್ನು ಹೊದಿಸಿ, ಪಾದದ ಆಕಾರದ ಅಚ್ಚಿನಲ್ಲಿಟ್ಟು ಕಾಯಿಸುತ್ತಾರೆ. ಗಂಧಕ ಸೇರಿದ ರಬ್ಬರು ಕಾವಿಗೆ ಗಟ್ಟಿಗೊಂಡು, ಎಲ್ಲವೂ ಒಂದೇ ಮೈಯಾಗುತ್ತದೆ; ಇದನ್ನು ವಲ್ಕನೀಕರಣ ಎನ್ನುವರು. ಉದ್ದವಾದ ಗಡುಸು ತಿರುಳಿಲ್ಲದ ಕಾರಣ ಈ ಪಾದವು ಎಲ್ಲ ದಿಕ್ಕುಗಳಿಗೂ ಬಾಗುತ್ತದೆ. ನೀರು ಒಳಗಿಳಿಯದು. ಬೆರಳುಗಳ ಆಕಾರವೂ ಇರುವುದರಿಂದ ಬೂಟಿನ ಮರೆ ಬೇಕಿಲ್ಲ.

1975ರಲ್ಲಿ ಜೈಪುರದಲ್ಲಿ ಸ್ಥಾಪನೆಗೊಂಡ ‘ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ’ಯು ಇದನ್ನು ಬಡವರಿಗೆ ಉಚಿತವಾಗಿ ತೊಡಿಸುತ್ತ ಬಂದಿದೆ. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಉಳಿದ ಕೆಲಸ, ಉಳಿಯುವ ಪಾಠ

ಈ ಪಾದವು ಕೊರತೆಯಿಲ್ಲದ್ದೆಂದು ಹೇಳಲಾಗದು. ಕೈಯಿಂದ ಮಾಡುವುದರಿಂದ ಒಂದರ ತೂಕ, ಬಾಗುವಿಕೆ ಇನ್ನೊಂದರಂತಿರುವುದಿಲ್ಲ. ಹಗುರವಾದ, ಏಕರೂಪದ ಪಾದಕ್ಕಾಗಿ ಪಾಲಿಯುರೇಥೇನ್ ಎಂಬ ಪದಾರ್ಥವನ್ನು ಬಳಸುವ ಯತ್ನದಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯೂ ನೆರವಾಗಿದೆ. ಮೊಣಕಾಲಿನಿಂದ ಮೇಲೆಯೇ ಕಾಲು ಕಳೆದುಕೊಂಡವರಿಗೆ ಪಾದವೊಂದೇ ಸಾಲದು. 2000ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಈ ಸಮಿತಿಯೊಡನೆ ಸೇರಿ, ಅಗ್ಗವಾದ ಕೃತಕ ಮೊಣಕಾಲೊಂದನ್ನು ರೂಪಿಸಿದರು. ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಅಂಗವಿಕಲರಿಗಾಗಿ ಸಾಧನವನ್ನು ರೂಪಿಸುವವರು ದೇಹದಲ್ಲಿ ಏನು ಇಲ್ಲವೆಂಬುದನ್ನು ಅಳೆದರೆ ಸಾಲದು. ಆ ವ್ಯಕ್ತಿ ಎಲ್ಲಿ ನಡೆಯುತ್ತಾರೆ, ಹೇಗೆ ಕೂರುತ್ತಾರೆ, ಯಾವ ಕೆಲಸದಿಂದ ಜೀವಿಸುತ್ತಾರೆ ಎಂಬುದನ್ನೂ ಅರಿಯಬೇಕು. ಮೂಲೆಯಲ್ಲಿ ಬಿದ್ದಿರುವ ಕೃತಕ ಕಾಲು ಎಷ್ಟೇ ನಯವಾಗಿದ್ದರೂ ಅದು ಯಾರನ್ನೂ ನಡೆಸದು. ತೊಟ್ಟವರು ಗದ್ದೆಗೆ ಹೋಗಿ ದುಡಿದು ಬಂದರೆ, ಅದೇ ಆ ಸಾಧನದ ನಿಜವಾದ ಪರೀಕ್ಷೆ.