ಹದಿನೈದು ತುಂಬಿದ ಕಾರು: ಮಾರುವುದೋ, ಉಳಿಸಿಕೊಳ್ಳುವುದೋ?

ಪ್ರಶ್ನೆ: ಉಡುಪಿಯಲ್ಲಿದ್ದೇನೆ. 2011ರ ಪೆಟ್ರೋಲ್ ವ್ಯಾಗನ್ ಆರ್ 1,20,000 ಕಿ.ಮೀ. ಓಡಿದೆ. ಆರ್‌ಸಿ ಅವಧಿ ಮುಗಿಯುತ್ತಿದೆ. ‘ಗುಜರಿಗೆ ಹಾಕಿ’ ಎನ್ನುತ್ತಾರೆ ಮೆಕ್ಯಾನಿಕ್. ಏನು ಮಾಡಲಿ?

ಉತ್ತರ: ಅವಸರ ಬೇಡ. ಹದಿನೈದು ವರ್ಷ ಎಂಬುದು ಆರ್‌ಸಿಯ ಆಯಸ್ಸು, ಕಾರಿನದ್ದಲ್ಲ. ಫಿಟ್‌ನೆಸ್ ಪರೀಕ್ಷೆಯಲ್ಲಿ ಪಾಸಾದರೆ ಐದು ವರ್ಷಕ್ಕೆ ನವೀಕರಣ ಸಿಗುತ್ತದೆ. ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ ಆರ್‌ಟಿಒಗೆ ಫಾರಂ 25 ಸಲ್ಲಿಸಿ; ಶುಲ್ಕದ ಜೊತೆ ಹಸಿರು ತೆರಿಗೆಯೂ ಇದೆ.

ಕಾಲಕಾಲಕ್ಕೆ ಆಯಿಲ್ ಬದಲಿಸಿದ ಪೆಟ್ರೋಲ್ ಎಂಜಿನ್ ಎರಡು ಲಕ್ಷ ಕಿ.ಮೀ. ದಾಟುವುದು ಅಪರೂಪವೇನಲ್ಲ. ಕರಾವಳಿಯಲ್ಲಿ ಕಾರನ್ನು ಮುಗಿಸುವುದು ಹೆಚ್ಚಾಗಿ ತುಕ್ಕು. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಮ್ಯಾಟ್ ಕೆಳಗೆ ಒಣಗದ ತೇವ! ಆದ್ದರಿಂದ ಬಾನೆಟ್ ಎತ್ತುವ ಮೊದಲು ಕಾರನ್ನೇ ಲಿಫ್ಟ್ ಮೇಲೆ ಎತ್ತಿಸಿ. ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಷನ್ ಕೂರುವ ಜಾಗಗಳನ್ನು ಸ್ಕ್ರೂಡ್ರೈವರಿನಿಂದ ತಟ್ಟಿ, ಒತ್ತಿ ನೋಡಿಸಿ. ‘ಠಣ್’ ಎಂದರೆ ಸರಿ. ತಗಡು ಹಪ್ಪಳದಂತೆ ಮುರಿದರೆ ಕಾರನ್ನು ಬಿಟ್ಟುಬಿಡಿ.

ಆಮೇಲೆ ಎಂಜಿನ್ ಆರೋಗ್ಯ ತಿಳಿಯಲು ಕಂಪ್ರೆಷನ್ ಪರೀಕ್ಷೆ. ಇದನ್ನು ನಿಮ್ಮ ಮೆಕ್ಯಾನಿಕ್ ಬಿಟ್ಟು ಬೇರೊಬ್ಬರಿಂದ ಮಾಡಿಸಿ, ವರದಿಯನ್ನು ಬರಹದಲ್ಲಿ ಪಡೆಯಿರಿ. ಟೈರ್, ರಬ್ಬರ್ ಬುಷ್, ಕ್ಲಚ್ ಸವೆದಿದ್ದರೆ ಗಾಬರಿ ಬೇಡ, ಅವೆಲ್ಲ ಬದಲಿಸುವ ಸಾಮಾನು. ಬ್ರೇಕ್ ಪೈಪಿನಲ್ಲಿ ತುಕ್ಕು ಕಂಡರೆ ಮಾತ್ರ ರಿಪೇರಿ ಆಗುವವರೆಗೆ ಕಾರು ಹೊರತೆಗೆಯಬೇಡಿ.

ಒಟ್ಟು ರಿಪೇರಿಯ ಅಂದಾಜು ಕಾರಿನ ಮಾರುಕಟ್ಟೆ ಬೆಲೆಯ ಅರ್ಧ ದಾಟಿದರೆ ಮಾರಿ. ಗುಜರಿಗೇ ಹಾಕುವುದಾದರೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಟ್ಟು, ಕಾರು ಒಪ್ಪಿಸಿದ್ದಕ್ಕೆ ದಾಖಲೆಯಾದ ಠೇವಣಿ ಪ್ರಮಾಣಪತ್ರ ಕೇಳಿ ಪಡೆಯಿರಿ.