ಟಾಯರಿನ ಬೆಲೆ, ಡೀಸೆಲ್ ಖಾತೆಯಲ್ಲಿ

ಪಿಕಪ್ ಇಟ್ಟುಕೊಂಡು ಬಾಡಿಗೆ ಹೊಡೆಯುವವರ ಖರ್ಚಿನ ವಹಿಯಲ್ಲಿ ಟಾಯರಿಗೆ ಒಂದು ಸಾಲು ಇರುತ್ತದೆ, ಡೀಸೆಲ್‌ಗೆ ಇನ್ನೊಂದು. ಟಾಯರಿನ ಸಾಲು ತುಂಬುವುದು ವರ್ಷಕ್ಕೋ ಒಂದೂವರೆ ವರ್ಷಕ್ಕೋ ಒಮ್ಮೆ, ಡೀಸೆಲ್‌ನದು ದಿನಾ. ಅಪರೂಪದ ಖರ್ಚಿನ ಮೇಲೆ ನಮಗೆ ಗಮನ ಜಾಸ್ತಿ. ಹಾಗಾಗಿ ಹೊಸ ಟಾಯರ್ ಹಾಕಿಸುವಾಗ ಚೌಕಾಶಿಯೆಲ್ಲ ಅಂಗಡಿಯ ದರದ ಮೇಲೆಯೇ ನಡೆಯುತ್ತದೆ. ಕಂಪನಿ ಕೊಟ್ಟ ಅಳತೆಗಿಂತ ಒಂದು ಸೈಜು ದೊಡ್ಡದು ಹಾಕಿಸಿದರೆ ಜೋಡಿಗೆ ಇಷ್ಟು ಹೆಚ್ಚಾದೀತು, ಹೋಗಲಿ ಬಿಡು, ಗಾಡಿ ಎದ್ದು ಕಾಣುತ್ತದೆ ಎಂದು ಮಾತು ಮುಗಿಯುತ್ತದೆ. ಅಸಲು ಬೆಲೆ ಆ ಬಿಲ್ಲಿನಲ್ಲಿ ಬಂದೇ ಇರುವುದಿಲ್ಲ ಎಂಬುದು ನನ್ನ ವಾದ. ಅದು ಕಂತುಕಂತಾಗಿ ಬಂಕಿನಲ್ಲಿ, ಕ್ಲಚ್ ಪ್ಲೇಟಿನಲ್ಲಿ, ಮೀಟರ್ ನೋಡಿ ಇಸಿದುಕೊಳ್ಳುವ ಬಾಡಿಗೆಯಲ್ಲಿ ಸೋರಿಹೋಗುತ್ತದೆ. ಯಲವಿಗಿ ಸ್ಟೇಷನ್ನಿನಿಂದ ಸವಣೂರಿಗೆ, ಲಕ್ಷ್ಮೇಶ್ವರಕ್ಕೆ ಸಾಮಾನು ಸಾಗಿಸುವ, ಗೋವಿನಜೋಳ ಹೇರಿಕೊಂಡು ಹಾವೇರಿಗೆ, ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿಗೆ ಓಡುವ ಗಾಡಿಗಳಿಗೆ ಈ ಸೋರಿಕೆ ಸಣ್ಣದೇನಲ್ಲ.

ಮೊದಲು ಅಳತೆ ನೋಡೋಣ. ಟಾಯರಿನ ಪಕ್ಕೆಯ ಮೇಲೆ 215/75 ಆರ್ 15 ಎಂದಿದ್ದರೆ ಅಗಲ 215 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 75 ಭಾಗ, ರಿಮ್ಮು 15 ಇಂಚು ಎಂದರ್ಥ. ಕೂಡಿದರೆ ಗಾಲಿಯ ಎತ್ತರ ಸುಮಾರು 703 ಮಿಲಿಮೀಟರ್. ಅದೇ ರಿಮ್ಮಿಗೆ 235/75 ಆರ್ 15 ಏರಿಸಿದರೆ 733 ಆಗುತ್ತದೆ. ಬರೀ ಮೂರು ಸೆಂಟಿಮೀಟರ್ ವ್ಯತ್ಯಾಸ, ಪಕ್ಕದಲ್ಲಿ ನಿಲ್ಲಿಸದ ಹೊರತು ಕಣ್ಣಿಗೂ ಸರಿಯಾಗಿ ತಿಳಿಯದು. ಆದರೆ ಗಾಲಿ ಒಂದು ಸುತ್ತು ಸುತ್ತಿದಾಗ ಸಣ್ಣದು 2.21 ಮೀಟರ್ ಹೋದರೆ ದೊಡ್ಡದು 2.30 ಮೀಟರ್ ಹೋಗುತ್ತದೆ. ಅಂದರೆ ನೂರಕ್ಕೆ 4ಕ್ಕಿಂತ ಕೊಂಚ ಹೆಚ್ಚು. ಎಂಜಿನ್ ಅದೇ, ಗೇರ್‌ಬಾಕ್ಸ್ ಅದೇ, ಕ್ರೌನ್-ಪಿನಿಯನ್ ಅದೇ. ಟಾಯರ್ ಅಂಗಡಿಯ ಜಾಕಿನ ಮೇಲೆ ಅರ್ಧ ತಾಸಿನಲ್ಲಿ ಗಾಡಿಯ ಎಲ್ಲ ಗೇರುಗಳೂ ನೂರಕ್ಕೆ ನಾಲ್ಕರಷ್ಟು ಉದ್ದವಾದವು. ಒಂದು ಸುತ್ತಿಗೆ ಹೆಚ್ಚು ದೂರ ಹೋದರೆ ಲಾಭವಲ್ಲವೇ ಎನ್ನಬಹುದು. ದೂರದಲ್ಲಿ ಗಳಿಸಿದ್ದನ್ನು ಎಳೆತದಲ್ಲಿ ಕೊಡಬೇಕಾಗುತ್ತದೆ. ಎಂಜಿನ್ನಿನ ಅಶ್ವಶಕ್ತಿ ಎಲ್ಲಿಗೂ ಹೋಗುವುದಿಲ್ಲ, ನೆಲವನ್ನು ಹಿಂದಕ್ಕೆ ಒತ್ತುವ ಬಲ ಮಾತ್ರ ಅಷ್ಟೇ ಪಾಲು ಇಳಿಯುತ್ತದೆ. ಲೋಡು ಸೇರಿ ಮೂರು ಟನ್ ತೂಗುವ ಗಾಡಿಗೆ ಏರಿನಲ್ಲಿ ಇದು ಸುಮಾರು 125 ಕೆಜಿ ಹೆಚ್ಚು ಹೇರಿದ ಹಾಗೆ. ಬಾಡಿಗೆ ಇಲ್ಲದ ಎರಡು ಚೀಲ ಗೋವಿನಜೋಳ ಪ್ರತಿ ಟ್ರಿಪ್ಪಿಗೂ ಹಿಂದೆ ಕೂತಿವೆ ಎಂದು ತಿಳಿಯಿರಿ.

ಇದಕ್ಕೆ ನಮ್ಮ ಸೀಮೆಯಲ್ಲಿ ಬರುವ ಆಕ್ಷೇಪ ಗಟ್ಟಿಯಾದದ್ದೇ. ಹಿಂದಿನವರ ಚಕ್ಕಡಿಯ ಗಾಲಿ ಎದೆಮಟ್ಟ ಇರುತ್ತಿತ್ತಲ್ಲ, ಎರಿ ಹೊಲದ ಕೊರಕಲಿನಲ್ಲಿ ದೊಡ್ಡ ಗಾಲಿಯೇ ಅಲ್ಲವೇ ಹಗುರವಾಗಿ ಉರುಳಿದ್ದು? ನಿಜ. ದೊಡ್ಡ ಗಾಲಿ ತಗ್ಗಿನಲ್ಲಿ ಅಷ್ಟು ಬೀಳುವುದಿಲ್ಲ, ಕಲ್ಲನ್ನು ಸಲೀಸಾಗಿ ಏರುತ್ತದೆ. ಆದರೆ ಚಕ್ಕಡಿಯನ್ನು ಮುಂದಕ್ಕೆ ಒಯ್ಯುವುದು ನೊಗ. ಎತ್ತಿನ ಹೆಗಲಿನ ಬಲ ಗಾಲಿಯ ಅಚ್ಚನ್ನು ತಿರುಗಿಸುವುದಿಲ್ಲ, ಗಾಲಿ ಸುಮ್ಮನೆ ಹಿಂದೆ ಉರುಳುತ್ತದೆ. ಅದರ ಎತ್ತರ ಎತ್ತಿಗೆ ಎಂದೂ ಎದುರಾಗದು. ಪಿಕಪ್ಪಿನಲ್ಲಿ ಗಾಲಿಯೇ ಎತ್ತು. ಬಲ ಅಚ್ಚಿನಿಂದ ಹೊರಟು ಟಾಯರಿನ ಅಂಚಿನವರೆಗೆ ಬರಬೇಕು, ಅಂಚು ದೂರವಾದಷ್ಟೂ ತಲುಪುವ ಬಲ ಕಡಿಮೆ. ಹಾಗಾದರೆ ಟ್ರ್ಯಾಕ್ಟರಿಗೆ ಅಷ್ಟು ದೊಡ್ಡ ಹಿಂಗಾಲಿ ಏಕೆ ಎಂದರೆ, ಅದರ ಹಿಂದಿನ ಹೌಸಿಂಗಿನೊಳಗೆ ವೇಗವನ್ನು ಬಹಳಷ್ಟು ತಗ್ಗಿಸುವ ಹಲ್ಲುಗಳನ್ನು ಆ ಗಾಲಿಗೆಂದೇ ಕೂರಿಸಿರುತ್ತಾರೆ. ಅಲ್ಲಿ ಗಾಲಿ, ಹಲ್ಲು ಎರಡನ್ನೂ ಒಟ್ಟಿಗೆ ಲೆಕ್ಕ ಹಾಕಿದ್ದಾರೆ. ನಾವು ಹಲ್ಲು ಹಾಗೇ ಬಿಟ್ಟು ಗಾಲಿ ಬದಲಿಸುತ್ತೇವೆ.

ಅದೇ ಲೆಕ್ಕ ಇನ್ನೊಂದು ತುದಿಯಿಂದಲೂ ಕಾಣುತ್ತದೆ. 2005ರಲ್ಲಿ ಬಂದ ಟಾಟಾ ಏಸ್, ನಮ್ಮವರ ಬಾಯಲ್ಲಿ ಛೋಟಾ ಹಾತಿ, ಎರಡು ಸಿಲಿಂಡರಿನ 16 ಅಶ್ವಶಕ್ತಿಯ ಎಂಜಿನ್ನಿನಿಂದ ಊರೂರಿನ ಸಂತೆಗಳನ್ನೇ ಎಳೆಯಿತು. ಅದಕ್ಕೆ ಕೊಟ್ಟದ್ದು 12 ಇಂಚಿನ ರಿಮ್ಮು. ಸಣ್ಣ ಎಂಜಿನ್ ಭಾರ ಕದಲಿಸಲು ಸಣ್ಣ ಗಾಲಿ ನೆರವಾಗುತ್ತದೆ, ಮಾಲು ಎತ್ತಿಡುವವರಿಗೆ ಡೆಕ್ಕು ತಗ್ಗಾಗಿ ಸಿಗುತ್ತದೆ. ಅಮೆರಿಕದಲ್ಲಿ ಪಿಕಪ್ಪಿಗೆ ಆಳೆತ್ತರದ ಟಾಯರ್ ಹಾಕುವ ಶೋಕಿ ನಮಗಿಂತ ಹಳೆಯದು. ಅಲ್ಲಿ ತಿಳಿದವರು ಟಾಯರಿನ ಜೊತೆಗೇ ಡಿಫರೆನ್ಷಿಯಲ್ಲಿನ ಹಲ್ಲುಗಳನ್ನೂ, ಅಂದರೆ ಕ್ರೌನ್-ಪಿನಿಯನ್ನನ್ನೂ, ಬದಲಿಸುತ್ತಾರೆ. 3.73 ಇದ್ದ ಹಲ್ಲಿನ ಅನುಪಾತವನ್ನು 4.10ಕ್ಕೋ 4.56ಕ್ಕೋ ಒಯ್ದು ಕಳೆದ ಎಳೆತ ವಾಪಸು ತರುತ್ತಾರೆ. ಟಾಯರಿಗೆ ಮಾತ್ರ ಕಾಸು ಕೊಟ್ಟು ಕ್ರೌನ್-ಪಿನಿಯನ್ನಿಗೆ ಕೈ ಬಿಗಿ ಹಿಡಿಯುವವರು ಆ ಕಾಸನ್ನು ಉಳಿಸಿರುವುದಿಲ್ಲ, ಬಂಕಿನವರ ಹತ್ತಿರ ಸಾಲ ಬರೆಸಿರುತ್ತಾರೆ.

ಎಳೆತ ಇಳಿದರೆ ಡೀಸೆಲ್ ಏಕೆ ಹೆಚ್ಚು ಕುಡಿಯಬೇಕು? ಗೇರುಗಳು ಮೆಟ್ಟಿಲಿದ್ದ ಹಾಗೆ, ಅರ್ಧ ಮೆಟ್ಟಿಲು ಇಳಿಯಲು ಬರುವುದಿಲ್ಲ. ನಾಲ್ಕನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ನೂರಕ್ಕೆ ನಾಲ್ಕು ಬಲ ಸಾಲದೆ ಹೋದರೆ ಇಡೀ ಮೂರನೇ ಗೇರಿಗೇ ಇಳಿಯಬೇಕು. ಬೇಕಾದದ್ದು ಚೂರು, ಕೊಡುವ ದಂಡ ದೊಡ್ಡದು. ಎಂಜಿನ್ ಅದೇ ವೇಗಕ್ಕೆ ಜಾಸ್ತಿ ಸುತ್ತುತ್ತದೆ, ಒಳಗಿನ ತಿಕ್ಕಾಟ ಹೆಚ್ಚುತ್ತದೆ. ಗೇರ್ ಇಳಿಸದೆ ಆಕ್ಸಿಲರೇಟರ್ ತುಳಿದರೆ ಹೊಗೆ ಬರುತ್ತದೆ, ಗಾಡಿ ಬರುವುದಿಲ್ಲ. ದೊಡ್ಡ ಟಾಯರ್ ಕೆಲವು ಕೆಜಿ ಭಾರವೂ ಹೌದು, ಆ ಭಾರ ಗಾಲಿಯ ಹೊರ ಅಂಚಿನಲ್ಲಿ ಕೂತಿರುತ್ತದೆ. ಊರಿಗೆ ಮೂರು ಹಂಪ್ ಇರುವ ರಸ್ತೆಯಲ್ಲಿ ಪ್ರತಿ ಸಲ ನಿಲ್ಲಿಸಿ ಎಬ್ಬಿಸುವಾಗ ಅದನ್ನೂ ತಿರುಗಿಸಬೇಕು. ಹೊಲದಿಂದ ಡಾಂಬರಿಗೆ ಲೋಡ್ ಗಾಡಿ ಏರಿಸುವಾಗಂತೂ ಕಾಲು ಅರ್ಧ ಕ್ಲಚ್ಚಿನಲ್ಲೇ ಉಳಿಯುತ್ತದೆ. ‘ಗಾಡಿ ಎಳಿಯಾಕತ್ತಿಲ್ಲ’ ಎಂದು ಗ್ಯಾರೇಜಿಗೆ ಬಂದರೆ ಮೆಕ್ಯಾನಿಕ್ಕು ಎಂಜಿನ್ನಿನ ಕಡೆ ನೋಡುವ ಮೊದಲು ಟಾಯರಿನ ಪಕ್ಕೆಯ ಅಂಕಿ ಓದಿದರೆ ಒಳ್ಳೆಯದು.

ಎಷ್ಟು ನಷ್ಟ ಎಂಬಲ್ಲಿ ಮಾತ್ರ ಹುಷಾರಾಗಿರಬೇಕು, ಏಕೆಂದರೆ ಮೀಟರೇ ತಪ್ಪು ಹೇಳತೊಡಗುತ್ತದೆ. ಅದು ಎಣಿಸುವುದು ಸುತ್ತುಗಳನ್ನು, ದೂರವನ್ನಲ್ಲ. 40 ಲೀಟರ್ ಡೀಸೆಲ್‌ಗೆ 480 ಕಿಲೋಮೀಟರ್, ಅಂದರೆ 12ರ ಎವರೇಜ್ ಕೊಡುತ್ತಿದ್ದ ಗಾಡಿ ದೊಡ್ಡ ಟಾಯರಿನ ಮೇಲೆ 440 ತೋರಿಸಿತು ಎನ್ನಿ. ‘ಎವರೇಜ್ ಹನ್ನೊಂದಕ್ಕೆ ಬಿದ್ದೈತಿ’ ಎಂದು ಮಾಲೀಕ ತಲೆ ಚಚ್ಚಿಕೊಳ್ಳುತ್ತಾನೆ. ಗಾಡಿ ನಿಜವಾಗಿ ಹೋದದ್ದು ಸುಮಾರು 459 ಕಿಲೋಮೀಟರ್, ಎವರೇಜ್ 11.5ರ ಹತ್ತಿರ. ಹೆದರಿಸುವವರ ಅಂಕಿಯಲ್ಲಿ ಅರ್ಧ ಹೀಗೆ ಬರೀ ಮೀಟರಿನ ತಪ್ಪು, ಇದನ್ನು ಒಪ್ಪಲೇಬೇಕು. ಉಳಿದ ಅರ್ಧ ನಿಜವಾದ ಡೀಸೆಲ್. ಒಂದು ಜೊತೆ ಟಾಯರ್ 40,000 ಕಿಲೋಮೀಟರ್ ಬಾಳಿದರೆ 12ರ ಲೆಕ್ಕದಲ್ಲಿ 3,333 ಲೀಟರ್ ಬೇಕು, 11.5ರ ಲೆಕ್ಕದಲ್ಲಿ 3,478. ಲೀಟರಿಗೆ 90 ರೂಪಾಯಿ ಹಿಡಿದರೂ 145 ಲೀಟರಿಗೆ 13,050 ರೂಪಾಯಿ. ಇನ್ನು ಆ ಮೀಟರಿನ ತಪ್ಪು ನಿರುಪದ್ರವಿ ಎಂದುಕೊಂಡರೆ ಅದೂ ಕೆಟ್ಟಿತು. ಕಿಲೋಮೀಟರಿಗಿಷ್ಟು ಎಂದು ಮಾತಾಡಿದ ಬಾಡಿಗೆಯಲ್ಲಿ 10,000 ಕಿಲೋಮೀಟರ್ ಓಡಿದರೆ ಮೀಟರ್ ತೋರಿಸುವುದು ಸುಮಾರು 9,590. ಉಳಿದ 410 ಕಿಲೋಮೀಟರನ್ನು ಧರ್ಮಕ್ಕೆ ಓಡಿಸಿದಂತಾಯಿತು. 20 ರೂಪಾಯಿಯ ದರವಾದರೆ 8,200 ರೂಪಾಯಿ ಹೋಯಿತು, ಗಿರಾಕಿಗೂ ಗೊತ್ತಿಲ್ಲ, ಮಾಲೀಕನಿಗೂ ಗೊತ್ತಿಲ್ಲ.

ಹೈವೇ ಮೇಲೆ ಲಾಭವಿದೆ ಎನ್ನುವವರಿದ್ದಾರೆ. ಬಂಕಾಪುರ, ಶಿಗ್ಗಾಂವಿಯ ಮೇಲೆ ಹಾಯುವ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಖಾಲಿ ಗಾಡಿ ಟಾಪ್ ಗೇರಿನಲ್ಲಿ ಒಂದೇ ವೇಗದಲ್ಲಿ ಹೋದರೆ ಎಂಜಿನ್ ನೂರಕ್ಕೆ ನಾಲ್ಕು ಸುತ್ತು ಕಡಿಮೆ ತಿರುಗುತ್ತದೆ, ಎವರೇಜ್ ಕೊಂಚ ಏರಲೂಬಹುದು. ಆ ಮಟ್ಟಿಗೆ ಅವರ ಮಾತು ಸರಿ. ಆದರೆ ಖಾಲಿ ಓಡಿಸಿ ಬದುಕುವ ಪಿಕಪ್ ಯಾವುದು? ಬ್ಯಾಡಗಿಗೆ ಹೊರಟ ಮೆಣಸಿನಕಾಯಿ ಹಗುರ, ಆದರೆ ಚೀಲಗಳು ಕ್ಯಾಬಿನ್ನಿಗಿಂತ ಎತ್ತರಕ್ಕೆ ಏರಿರುತ್ತವೆ, ಗಾಳಿಗೆ ಎದೆಯೊಡ್ಡಿದ ಗೋಡೆಯೇ ಅದು. ಗೋವಿನಜೋಳದ್ದು ಸತ್ತ ಭಾರ. ತರಕಾರಿ ಹೇರಿಕೊಂಡು ಕರಾವಳಿಗೆ ಇಳಿಯುವ ಗಾಡಿಗೆ ಅರಬೈಲ್ ಘಾಟಿನಲ್ಲಿ ಬೇರೆಯದೇ ಪರೀಕ್ಷೆ. ಇಳಿಜಾರಿನಲ್ಲಿ ಗೇರ್ ಹಾಕಿ ಎಂಜಿನ್ನಿನಿಂದ ತಡೆಯುವ ಬಲವೂ ಅದೇ ನೂರಕ್ಕೆ ನಾಲ್ಕು ಇಳಿದಿರುತ್ತದೆ, ಆ ಕೊರತೆಯನ್ನು ಬ್ರೇಕ್ ಲೈನರು ತುಂಬಬೇಕು.

ಕೆಸರಿನ ಮಾತು ಇನ್ನೂ ಗಟ್ಟಿ ಆಕ್ಷೇಪ, ಮುಂಗಾರಿನಲ್ಲಿ ಎರಿ ಭೂಮಿಯ ದಾರಿ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಆದರೆ ಟಾಯರಿನ ಎತ್ತರ ಮೂರು ಸೆಂಟಿಮೀಟರ್ ಹೆಚ್ಚಿದರೆ ಗಾಡಿಯ ಹೊಟ್ಟೆ ಏಳುವುದು ಅದರ ಅರ್ಧ, ಒಂದೂವರೆ ಸೆಂಟಿಮೀಟರ್. ಒಂದು ಬೆರಳಿನ ಅಗಲ. ಕಪ್ಪು ಮಣ್ಣಿನ ರಾಡಿ ಅಂಟಿನಂಥದ್ದು, ಸುತ್ತು ಸುತ್ತಿಗೂ ಟಾಯರಿಗೆ ಮೆತ್ತಿಕೊಂಡು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿಯನ್ನೇ ಹಿಡಿದುಬಿಡುತ್ತದೆ. ದಪ್ಪ ಟಾಯರ್ ಹಾಕಿದ ಮೇಲೆ ಆ ಸಂದಿಯೇ ಕಿರಿದಾಗಿರುತ್ತದೆ. ಅಲ್ಲಿ ಬೇಕಾದದ್ದು ಆಳವಾದ ಗುಬಟೆಗಳಿರುವ ಟಾಯರ್, ಅದು ಕಂಪನಿ ಅಳತೆಯಲ್ಲೇ ಸಿಗುತ್ತದೆ. ‘ದಪ್ಪ ಇದ್ದರೆ ಹೆಚ್ಚು ಭಾರ ಹೊರುತ್ತದೆ’ ಎಂಬುದನ್ನೂ ಪಕ್ಕೆಯ ಅಂಕಿಯೇ ಬಗೆಹರಿಸುತ್ತದೆ. ಅಳತೆಯ ಪಕ್ಕದಲ್ಲಿರುವ ಲೋಡ್ ಇಂಡೆಕ್ಸ್ 100 ಎಂದರೆ ಒಂದು ಟಾಯರಿಗೆ 800 ಕೆಜಿ, 104 ಎಂದರೆ 900, 109 ಎಂದರೆ 1,030. ಜೀಪಿಗೆಂದು ಮಾಡಿದ ಅಗಲವಾದ ಟಾಯರಿಗಿಂತ ಸಾಮಾನು ಗಾಡಿಗೆಂದು ಮಾಡಿದ ಸಪೂರ ಟಾಯರ್ ಹೆಚ್ಚು ಹೊರುವುದು ಅಪರೂಪವೇನಲ್ಲ. ಸವಾರಿ ಮೆತ್ತಗಿರಲಿ ಎಂದು ಅಗಲ ಟಾಯರಿನಲ್ಲಿ ಗಾಳಿ ಇಳಿಸಿದರೆ ಇನ್ನೊಂದು ತೂತು. ಸರಾಸರಿ ಒತ್ತಡ ಒಂದು ಪಿಎಸ್‌ಐ ಇಳಿದರೆ ಎವರೇಜ್ ನೂರಕ್ಕೆ 0.2ರಷ್ಟು ಇಳಿಯುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಹತ್ತು ಇಳಿದರೆ 2. ಒಂದು ಸ್ವಂತ ಗೇಜು ಕೊಳ್ಳುವಷ್ಟು ಲಾಭದ ಖರೀದಿ ಇಡೀ ಗಾಡಿಯಲ್ಲಿ ಬೇರೊಂದಿಲ್ಲ ಎಂಬುದು ನನ್ನ ಎಣಿಕೆ.

ಉಳಿದದ್ದು ಅಂದ. ಇದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ, ಹಾವೇರಿ ಸೀಮೆಯಲ್ಲಿ ಕೂತು ಸಿಂಗಾರದ ವಿರುದ್ಧ ಮಾತಾಡುವುದೂ ಕಷ್ಟ. ದೀಪಾವಳಿಯ ಹೊತ್ತಿಗೆ ಹೋರಿಯ ಕೊರಳಿಗೆ ಕೊಬ್ಬರಿ ಸರ, ಮೈಮೇಲೆ ಜೂಲ, ಬಲೂನು ಕಟ್ಟುವವರು ಅದರಿಂದ ಹೊಲ ಹೆಚ್ಚು ಉಳುತ್ತದೆಂದು ಹೇಳುವುದಿಲ್ಲ. ಸಿಂಗಾರದ ಖರ್ಚನ್ನು ಸಿಂಗಾರಕ್ಕೇ ಬರೆಯುತ್ತಾರೆ. ಪಿಕಪ್ಪಿನವನೂ ಹಾಗೆ ಬರೆದರೆ ತಕರಾರಿಲ್ಲ. ಟಾಯರಿನ ಹೆಚ್ಚುವರಿ ದರ, 13,000ದ ಡೀಸೆಲ್, ಕಾಣದ ಬಾಡಿಗೆ ಎಲ್ಲವನ್ನೂ ಕೂಡಿ ‘ಶೋಕಿ’ ಎಂದು ಒಂದು ಸಾಲು. ಅದರ ಕೆಳಗೆ ಕ್ಲೇಮಿಗೆ ತಕರಾರು ಬರಬಹುದಾದ ಇನ್ಶೂರೆನ್ಸಿನ ಅಪಾಯವೂ ಸೇರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ಮೂಲ ವಿವರಕ್ಕಿಂತ ಆರ್‌ಸಿ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಎನ್ನುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಗಾಡಿಯ ಮ್ಯಾನುಯಲ್ ಒಪ್ಪಿದ ಅಳತೆಗಳ ಒಳಗೇ ಇದ್ದರೆ ಇನ್ಶೂರೆನ್ಸ್ ಸರ್ವೇಯರ್ ಕೇಳುವ ಪ್ರಶ್ನೆಗೆ ಉತ್ತರ ಇರುತ್ತದೆ.

ಈಗಾಗಲೇ ಹಾಕಿಸಿಬಿಟ್ಟವರು ಸವೆಯುವ ಮೊದಲೇ ಬಿಚ್ಚಿ ಮಾರಬೇಕಿಲ್ಲ, ಸೆಕೆಂಡ್ ಹ್ಯಾಂಡ್ ಟಾಯರಿಗೆ ಸಿಗುವ ಬೆಲೆ ಎಲ್ಲರಿಗೂ ಗೊತ್ತು. ಸಮ ನೆಲದ ಮೇಲೆ ಲೋಡ್ ಸಮೇತ ಗಾಡಿ ನಿಲ್ಲಿಸಿ, ಟಾಯರ್ ನೆಲ ಮುಟ್ಟುವಲ್ಲಿ ಸುಣ್ಣದ ಗೆರೆ ಎಳೆದು, ಗೆರೆ ಮತ್ತೆ ನೆಲ ಮುಟ್ಟುವವರೆಗೆ ಮೆಲ್ಲಗೆ ಮುಂದೆ ತಳ್ಳಿಸಿ ಟೇಪು ಹಿಡಿಯಿರಿ. ಭಾರಕ್ಕೆ ಟಾಯರ್ ಕೊಂಚ ಕುಗ್ಗುವುದರಿಂದ ಬರುವ ಅಂಕಿ ಕಾಗದದ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜೊತೆ ಮೀಟರನ್ನು ಒಮ್ಮೆ ಹೋಲಿಸಿ ನೋಡಿ, ಎಷ್ಟು ಕಡಿಮೆ ತೋರಿಸುತ್ತದೋ ಅಷ್ಟನ್ನು ಡ್ಯಾಶ್‌ಬೋರ್ಡಿನ ಮೇಲೆ ಬರೆದಿಡಿ. ಮುಂದಿನ ಬಾಡಿಗೆ ಮಾತಾಡುವಾಗ ನೂರು ತೋರಿಸಿದರೆ ನೂರಾನಾಲ್ಕರ ದುಡ್ಡು ಕೇಳಬೇಕು, ಗಿರಾಕಿ ಒಪ್ಪದಿದ್ದರೆ ಕಲ್ಲು ತೋರಿಸಬೇಕು.