ದೋಣಿಗೆ ಯಾವ ನೆಲ? ದುರಸ್ತಿಯ ಪ್ರಶ್ನೆಯೊಂದರಿಂದ ಸಾಂದ್ರತೆಯ ಪಾಠ

ಸಾಂದ್ರತೆ, ತೇಲುವಿಕೆ, ಗುರುತ್ವಕೇಂದ್ರ ಎಂಬ ಮೂರು ವಿಷಯಗಳನ್ನು ನಾವು ಸಾಮಾನ್ಯವಾಗಿ ಬೇರೆ ಬೇರೆ ಪಾಠಗಳಲ್ಲಿ ಬೋಧಿಸುತ್ತೇವೆ. ಇವನ್ನು ಒಂದೇ ಪ್ರಶ್ನೆಯ ಸುತ್ತ ಹೆಣೆದು ಪ್ರೌಢಶಾಲೆಯ ತರಗತಿಗಳಲ್ಲಿ ಕಲಿಸುವ ಕ್ರಮವೊಂದನ್ನು ಇಲ್ಲಿ ವಿವರಿಸಲಾಗಿದೆ. ಪ್ರಶ್ನೆ ಇಷ್ಟೇ: ಹಳೆಯ ದೋಣಿಯೊಂದನ್ನು ದುರಸ್ತಿಗೊಳಿಸುವಾಗ ಅದರ ನೆಲಕ್ಕೆ ಏನನ್ನು ಹಾಸಬೇಕು? ಕಾಸರಗೋಡಿನ ಮಕ್ಕಳಿಗೆ ಇದು ದೂರದ ಮಾತಲ್ಲ. ನೀಲೇಶ್ವರದ ಕೋಟ್ಟಪ್ಪುರಂನಿಂದ ವಲಿಯಪರಂಬದ ಹಿನ್ನೀರಿಗೆ ಸಾಗುವ ದೋಣಿಮನೆಗಳು ನಮ್ಮ ಜಿಲ್ಲೆಯವೇ.

ಮೊದಲು ದೋಣಿಯ ಸ್ವರೂಪವನ್ನು ತಿಳಿಸಬೇಕು. ದೋಣಿಮನೆಯ ಮೂಲ ಕೆಟ್ಟುವಳ್ಳಂ. ಮಲಯಾಳದಲ್ಲಿ ಆಂಜಿಲಿ ಎನ್ನುವ ಹೆಬ್ಬಲಸಿನ ಹಲಗೆಗಳನ್ನು ಕಬ್ಬಿಣದ ಮೊಳೆಯಿಲ್ಲದೆ ತೆಂಗಿನ ನಾರಿನ ಹುರಿಯಿಂದ ಬಿಗಿದು ಕಟ್ಟಿದ, ಅಕ್ಕಿ ಮೊದಲಾದ ಸರಕನ್ನು ಸಾಗಿಸುತ್ತಿದ್ದ ದೋಣಿ ಅದು. ರಸ್ತೆ ಸಾರಿಗೆ ಬೆಳೆದು ಸರಕು ಕೈತಪ್ಪಿದಾಗ, 1990ರ ದಶಕದಲ್ಲಿ ಇಂತಹ ದೋಣಿಗಳು ಪ್ರವಾಸಿಗರ ಮನೆಗಳಾದವು. ಮೂಟೆಗಳಿಗೆ ಸಾಕಾಗಿದ್ದ ನೆಲ ಮನುಷ್ಯರ ಓಡಾಟಕ್ಕೆ ಸಾಲದಾಯಿತು. ನಮ್ಮ ಪ್ರಶ್ನೆ ಹುಟ್ಟುವುದು ಅಲ್ಲಿಯೇ.

ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದಾಗಲೆಲ್ಲ ನನಗೆ ಮೊದಲು ದೊರೆತ ಉತ್ತರ ‘ಟೈಲ್ಸ್’. ನೀರು ಹೀರುವುದಿಲ್ಲ, ಒರೆಸಲು ಸುಲಭ, ನೋಡಲು ಚೆಂದ. ಈ ಉತ್ತರವನ್ನು ತಪ್ಪೆಂದು ತಳ್ಳಿಹಾಕದೆ ಲೆಕ್ಕಕ್ಕೆ ಕೂರಿಸುವುದು ಒಳ್ಳೆಯದು.

10 ಮೀಟರ್ ಉದ್ದ, 3 ಮೀಟರ್ ಅಗಲದ ನೆಲವೆಂದು ಇಟ್ಟುಕೊಳ್ಳೋಣ. ವಿಸ್ತೀರ್ಣ 30 ಚದರ ಮೀಟರ್. ಟೈಲ್ಸಿನ ದಪ್ಪ 8 ಮಿಲಿಮೀಟರ್, ಸಾಂದ್ರತೆ ಘನ ಮೀಟರಿಗೆ ಸುಮಾರು 2200 ಕಿಲೋಗ್ರಾಂ ಆದರೆ ದ್ರವ್ಯರಾಶಿ 528 ಕಿಲೋಗ್ರಾಂ. ಅದರ ಕೆಳಗೆ 20 ಮಿಲಿಮೀಟರ್ ಸಿಮೆಂಟ್ ಗಾರೆ ಹಾಕಿದರೆ, ಸಾಂದ್ರತೆ 2000 ಎಂದು ಹಿಡಿದರೂ ಮತ್ತೆ 1200 ಕಿಲೋಗ್ರಾಂ. ಒಟ್ಟು 1728. ಇದರ ಬದಲು 12 ಮಿಲಿಮೀಟರಿನ ಪ್ಲೈವುಡ್ ಹಾಕಿದರೆ, ಸಾಂದ್ರತೆ 700ರಂತೆ 252 ಕಿಲೋಗ್ರಾಂ; ಮೇಲೆ 2 ಮಿಲಿಮೀಟರಿನ ವಿನೈಲ್ ಹಾಳೆ ಹಾಸಿದರೆ, ಸಾಂದ್ರತೆ 1400ರಂತೆ 84 ಕಿಲೋಗ್ರಾಂ. ಒಟ್ಟು 336.

ಇನ್ನು ಆರ್ಕಿಮಿಡೀಸನ ತತ್ತ್ವಕ್ಕೆ ಬರಬಹುದು. ನೀರಿನ ಮಟ್ಟದಲ್ಲಿ ದೋಣಿಯ ವಿಸ್ತೀರ್ಣ 24 ಚದರ ಮೀಟರ್ ಆಗಿದ್ದರೆ, ಅದು ಒಂದು ಸೆಂಟಿಮೀಟರ್ ಮುಳುಗಲು 240 ಕಿಲೋಗ್ರಾಂ ಭಾರ ಬೇಕು. ಹಾಗಾದರೆ ಟೈಲ್ಸಿನ ನೆಲದಿಂದ ದೋಣಿ 7.2 ಸೆಂಟಿಮೀಟರ್ ಇಳಿಯುತ್ತದೆ, ಪ್ಲೈವುಡ್ ನೆಲದಿಂದ 1.4 ಸೆಂಟಿಮೀಟರ್ ಮಾತ್ರ. ಎರಡು ನೆಲಗಳ ನಡುವಿನ ವ್ಯತ್ಯಾಸ 1392 ಕಿಲೋಗ್ರಾಂ. ಒಬ್ಬನ ತೂಕ 60 ಕಿಲೋಗ್ರಾಂ ಎಂದರೆ, ಟಿಕೆಟಿಲ್ಲದ 23 ಮಂದಿ ಹಗಲೂ ರಾತ್ರಿ ದೋಣಿಯಲ್ಲಿ ನಿಂತಂತೆ. ತರಗತಿಯಲ್ಲಿ ನಗು ಏಳುವುದು ಇಲ್ಲಿ, ಅದನ್ನು ತಡೆಯಬೇಕಾಗಿಲ್ಲ. ಆದರೆ 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಮಂದಿ ಪ್ರಾಣ ಕಳೆದುಕೊಂಡುದನ್ನು ಮಕ್ಕಳಲ್ಲಿ ಕೆಲವರಾದರೂ ಬಲ್ಲರು. ಅಲ್ಲಿ ಮಾತು ನೆಲಹಾಸಿನದಾಗಿರಲಿಲ್ಲ, ಮಿತಿಮೀರಿ ತುಂಬಿದ ಜನರದಾಗಿತ್ತು. ಆದರೂ ಭಾರದ ಲೆಕ್ಕ ಇದೇ.

ಭಾರ ಎಷ್ಟು ಎಂಬುದರಷ್ಟೇ ಎಲ್ಲಿ ಎಂಬುದೂ ಮುಖ್ಯ. ನೀರು ತುಂಬಿದ ಬೋಗುಣಿಯಲ್ಲಿ ಅಲ್ಯೂಮಿನಿಯಂ ತಟ್ಟೆಯೊಂದನ್ನು ತೇಲಿಬಿಟ್ಟು ಒಡೆದ ಹೆಂಚಿನ ಚೂರನ್ನು ಅದರ ನಡುವೆ ಇಡಿಸಿರಿ. ಬಳಿಕ ಅದೇ ಚೂರನ್ನು ಒಂದರ ಮೇಲೊಂದಿಟ್ಟ ಬೆಂಕಿಪೆಟ್ಟಿಗೆಗಳ ಮೇಲಿರಿಸಿ ತಟ್ಟೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿಸಿರಿ. ಮೊದಲನೆಯದು ಓಲಾಡಿ ನಿಲ್ಲುತ್ತದೆ, ಎರಡನೆಯದು ಬೇಗನೆ ಮಗುಚುತ್ತದೆ. ಎರಡು ಅಂತಸ್ತಿನ ದೋಣಿಮನೆಯ ಮೇಲಂತಸ್ತಿಗೆ ಕಲ್ಲು, ಟೈಲ್ಸ್ ಏಕೆ ಸಲ್ಲದೆಂಬುದಕ್ಕೆ ಬೇರೆ ವಿವರಣೆ ಬೇಕಾಗದು.

ಟೈಲ್ಸಿಗೆ ಇನ್ನೊಂದು ದೋಷವಿದೆ. ಹುರಿಯಿಂದ ಕಟ್ಟಿದ ದೋಣಿ ಅಲೆಗೆ ತುಸು ಬಾಗುತ್ತದೆ, ಬಳುಕುತ್ತದೆ. ಗಾರೆ ಬಾಗಲಾರದು. ಬಿರುಕಿನಿಂದ ಇಳಿದ ನೀರು ಕೆಳಗಿನ ಮರದಲ್ಲಿ ಕಾಣದಂತೆ ನಿಲ್ಲುತ್ತದೆ.

ಹಾಗೆಂದು ಪ್ಲೈವುಡ್ ಎಂಬ ಹೆಸರಿದ್ದುದೆಲ್ಲವೂ ಒಂದೇ ಅಲ್ಲ. ಮರವು ನೀರು ಕುಡಿದಾಗ ಎಳೆಯ ಉದ್ದಕ್ಕಿಂತ ಅಡ್ಡಕ್ಕೆ ಬಹಳ ಹೆಚ್ಚು ಹಿಗ್ಗುತ್ತದೆ. ತೆಳುಪದರಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡವಾಗುವಂತೆ ಅಂಟಿಸಿದಾಗ ಪ್ರತಿಯೊಂದು ಪದರವೂ ನೆರೆಯ ಪದರವನ್ನು ಹಿಗ್ಗದಂತೆ ಹಿಡಿದಿಡುತ್ತದೆ. ಈ ಹಿಡಿತ ನಿಂತಿರುವುದು ಅಂಟಿನ ಮೇಲೆ. ದೋಣಿಗೆ ತಕ್ಕುದು ಐ.ಎಸ್. 710 ಎಂಬ ಮಾನಕದ ಮೆರೀನ್ ಪ್ಲೈವುಡ್. ಇದರ ಅಂಟು 72 ಗಂಟೆ ಕುದಿಯುವ ನೀರಿನ ಪರೀಕ್ಷೆಯಲ್ಲಿ ಉಳಿಯಬೇಕು. ಮನೆಯ ಕಪಾಟಿಗೆ ಬಳಸುವ ಅಗ್ಗದ ಹಲಗೆಯ ಚೂರೊಂದನ್ನು ಬಕೆಟ್ಟಿನಲ್ಲಿ ವಾರವಿಡೀ ನೆನೆಸಿಟ್ಟು ಪದರ ಬಿಡುವುದನ್ನು ಮಕ್ಕಳಿಗೆ ತೋರಿಸಬಹುದು.

ಶಿಲೀಂಧ್ರದ ಪಾಠಕ್ಕೂ ಇಲ್ಲಿ ಎಡೆಯಿದೆ. ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಸದಾ ನೀರಿನಡಿಯಲ್ಲಿರುವ ಮರಕ್ಕಿಂತ ಒದ್ದೆಯಾಗಿ ಅರೆಬರೆ ಒಣಗುವ ನೆಲದ ಹಲಗೆಯೇ ಅದಕ್ಕೆ ಹಿತವಾದ ತಾಣ. ಒದ್ದೆ ಹಲಗೆಯ ಮೇಲೆ ವಿನೈಲ್ ಹಾಸಿ ಅಂಚುಗಳನ್ನು ಮುಚ್ಚಿದರೆ ಅದಕ್ಕೆ ಹೊದಿಕೆ ಹೊದಿಸಿದಂತಾಗುತ್ತದೆ. ಆದುದರಿಂದ ಹಲಗೆಯ ಎರಡೂ ಮುಖಗಳಿಗೂ, ಮುಖ್ಯವಾಗಿ ಕತ್ತರಿಸಿದ ಅಂಚುಗಳಿಗೂ ಎಪಾಕ್ಸಿ ಬಳಿದು ಒಣಗಿಸಿ ಬಳಿಕವೇ ಹಾಸಬೇಕು. ತಳದಲ್ಲಿ ಸೇರುವ ನೀರನ್ನು ತೆಗೆಯಲು, ಗಾಳಿಯಾಡಲು ನೆಲದ ಕೆಲವು ಭಾಗಗಳನ್ನು ಎತ್ತಿ ತೆಗೆಯುವಂತೆ ಬಿಡಬೇಕು. ತಿರುಪುಮೊಳೆಗಳು ಕಬ್ಬಿಣದವಾದರೆ ಉಪ್ಪುನೀರಿಗೆ ತುಕ್ಕು ಹಿಡಿಯುತ್ತವೆ; ಸ್ಟೇನ್‌ಲೆಸ್ ಸ್ಟೀಲ್ ಲೇಸು.

ತೇಗದ ಹಲಗೆಗೆ ಸಮನಾದುದು ವಿರಳ. ಮರದಲ್ಲಿಯೇ ಎಣ್ಣೆಯಂಶವಿರುವುದರಿಂದ ಬೇಗ ಕೊಳೆಯದು, ಒದ್ದೆಯಾದರೂ ಕಾಲು ಜಾರದು. ಬೆಲೆಯೊಂದೇ ಅಡ್ಡಿ. ಬಿದಿರಿನ ಚಾಪೆ, ನಾರಿನ ಹಾಸುಗಳು ಹಗುರ. ಆದರೆ ಬೆಂಕಿಗೆ ಬೇಗ ಎಡೆಗೊಡುವುದರಿಂದ ದೋಣಿಯ ಅಡುಗೆಕೋಣೆಯಲ್ಲಿ ಬೇಡ.

ಭಾಷೆಯ ಬಗ್ಗೆ ಒಂದು ಮಾತು. ದೋಣಿಯ ಭಾಗಗಳಿಗೆ ಮಕ್ಕಳು ತುಳು, ಮಲಯಾಳದ ಹೆಸರುಗಳನ್ನು ಹೇಳಿದರೆ ಅವನ್ನು ಕರಿಹಲಗೆಯ ಮೇಲೆ ಹಾಗೆಯೇ ಬರೆದುಕೊಳ್ಳಿರಿ. ಪಕ್ಕದಲ್ಲಿ ಕನ್ನಡದ ಪದವನ್ನು ಅವರಿಂದಲೇ ಹುಡುಕಿಸಿರಿ. ಕಟ್ಟಿದ ಪದಗಳನ್ನು ಉಪಾಧ್ಯಾಯರೇ ಹೇರುವುದು ನನಗೆ ಸರಿಕಾಣದು.

ಕೊನೆಯಲ್ಲಿ ಪ್ರತಿ ಗುಂಪಿಗೂ ದೋಣಿಯ ಒಂದು ಭಾಗವನ್ನು ವಹಿಸಿರಿ: ಮಲಗುವ ಕೋಣೆ, ಅಡುಗೆಕೋಣೆ, ಮುಂಭಾಗದ ತೆರೆದ ನೆಲ, ಮೇಲಂತಸ್ತು. ಆಯ್ದ ವಸ್ತು, ಅದರ ಭಾರ, ಅದರ ಒಂದು ದೋಷ, ಆ ದೋಷಕ್ಕೆ ಪರಿಹಾರ ಇವಿಷ್ಟನ್ನು ದೋಣಿಯ ಮಾಲಿಕರಿಗೆ ಬರೆದ ಪತ್ರದ ರೂಪದಲ್ಲಿ ಒಂದು ಪುಟಕ್ಕೆ ಮೀರದಂತೆ ಬರೆಯಿಸಿರಿ. ದೋಷ ಬರೆಯದ ಪತ್ರವನ್ನು ತಿದ್ದಲು ಹಿಂದಿರುಗಿಸಿರಿ.